ಆರಲಿಕ್ಕಿಟ್ಟ ಹಾಳಿ

ಯಾದಗಿರಿ ತಹಶೀಲ ಕಚೇರಿ ಮುಂದ, ಬೇವಿನ ಗಿಡದ ಕೆಳಗ
ಎರಡು ಟೇಬಲ್ಲು: ಒಂದು ಲಾಡ್ಲೆಸಾಬಂದು,
ಅವನ ಬಲಕ್ಕ ನಂದು.
ಇಪ್ಪತ್ತೆರಡು ವರ್ಷ ಅರ್ಜಿ ಬರದೀವಿ,
ಪಹಣಿ ತಿದ್ದುಪಡಿ, ವಿಧವಾ ವೇತನ,
ಹೆಸರಿನ್ಯಾಗ ಬಿಟ್ಟುಹೋದ ಒಂದು ಕೊಂಬು.
ಅರ್ಜಿಗೆ ಆರಲಿಕ್ಕೆ ಪುರಸತ್ತಿಲ್ಲ.
ಶಾಯಿ ಹಸಿ ಇರೂದ್ರಾಗ ಹೆಬ್ಬಟ್ಟು,
ಖಿಡಕಿ ಮುಚ್ಚೂದ್ರಾಗ ಒಳಗ.

ಮಿರಗ ಕೂಡಿದ ಮಂಗಳವಾರ ಅವನ ಟೇಬಲ್ಲು ಖಾಲಿ.
ಬುಧವಾರ ಮಣ್ಣು ಕೊಟ್ಟು ಬಂದೆ.
ಅವತ್ತೇ ರಾತ್ರಿ, ಕೈಕಾಲು ತೊಳಕೊಂಡವನೇ ಕುಂತು
ಅರ್ಜಿ ಹಾಳಿ ಮ್ಯಾಲೇ ಬರದೆ, ನಲವತ್ತೊಂದು ಸಾಲು.
ಗುಡ್ಡದ ಕೋಟೆ ಬಂತು ಅದರಾಗ, ಭೀಮಾ ಹೊಳಿ ಬಂತು,
‘ಓ ಗೆಳೆಯಾ’ ಮೂರು ಸಲ ಬಂತು.
ಓದಿಕೋತ ನಾನೇ ಅತ್ತೆ.
ಜಿಯಾರತಿನ ದಿನ ಎಲ್ಲಾರ ಮುಂದ ಓದ್ತೀನಿ
ಅಂತ ಮಾಪಮ್ಮಗ ಹೇಳಿದೆ.

ಆಕಿ ರೊಟ್ಟಿ ಬಡೀಲಿಕತ್ತಿದ್ದಳು.
ಸುಟ್ಟದ್ದು ಸುಟ್ಟಂಗ ಬಿಳೀ ಧೋತರದ ಮ್ಯಾಲ ಹರವಿ
“ಬಿಸಿದು ಡಬ್ಬಿಗೆ ಹಾಕಿದ್ರ ಬೆವರ್ತದ,
ಮೂರು ದಿನಕ್ಕ ಬೂಸರ” ಅಂದಳು.
ನನಗೋ, ರೊಟ್ಟಿಗೋ.
ಹಿಟ್ಟಿನ ಕೈಲೇ ಹಾಳಿ ಕಸಗೊಂಡು
ಗೂಡಿನ್ಯಾಗ ಇಟ್ಟು, ಮ್ಯಾಲ ಹಿತ್ತಾಳಿ ಪಾವು ಹೇರಿದಳು.

ಜಿಯಾರತಿಗೆ ಖಾಲಿ ಕಿಸೆ ಹೊತಗೊಂಡು ಹೋದೆ.
ಯಾರೂ ಏನೂ ಕೇಳಲಿಲ್ಲ.
ಖರೆ ಹೇಳ್ತೀನಿ, ಅವತ್ತು ನನಗ
ಸತ್ತವನಕಿಂತ ಹಾಳಿದೇ ಚಿಂತಿ ಇತ್ತು.

ಹೆಸರು ಮೊಳತು, ಎಲಿ ಒಡೀತು, ಹೂ ಬಿಟ್ಟಿತು.
ಅವನ ಟೇಬಲ್ಲಿಗೆ ಒಬ್ಬ ಹುಡುಗ ಬಂದ, ಪ್ರಿಂಟರು ತಂದ.
ಗುರುಮಠಕಲ್ಲಿನ ಮುದುಕಿ ಒಬ್ಬಾಕಿ
ಸೆರಗಿನ ಗಂಟು ಬಿಚ್ಚಿ ಹಳೇ ಅರ್ಜಿ ತೋರಿಸಿದಳು,
ಲಾಡ್ಲೆಸಾಬನ ವಾಲಿದ ಅಕ್ಷರ.
ಕೊನೀಗೆ, ಎಲ್ಲಾದ್ರಾಗೂ ಅವ ಹಾಕತಿದ್ದ ಸಾಲು:
‘ಓದಿ ಹೇಳಲಾಗಿದೆ, ಸರಿ ಇದೆ ಎಂದು ಒಪ್ಪಿದ್ದಾರೆ.’

ನಲವತ್ತರ ಫಾತೆಹಾದ ಹಿಂದಿನ ರಾತ್ರಿ ಪಾವು ಎತ್ತಿದೆ.
ಹಾಳಿ ತಣ್ಣಗಿತ್ತು. ಯಾರೋ ಬರದದ್ದು ಅನ್ನೂಹಂಗಿತ್ತು.
‘ನಾನು’ ಹದಿನೇಳು ಸಲ, ‘ಲಾಡ್ಲೆಸಾಬ’ ಎರಡೇ.
ಕೋಟೆ ತೆಗದೆ,
ಮೊಳಕಾಲು ನೋವಿನವ, ಗುಡ್ಡ ಏರಿದವನೇ ಅಲ್ಲ.
ಹೊಳಿ ಯಾಕ ಬಂದಿತ್ತೋ, ಅದನ್ನೂ ತೆಗದೆ.
‘ಓ ಗೆಳೆಯಾ’ ತೆಗೀವಾಗ ಕೈ ಸ್ವಲ್ಪ ನಿಂತಿತು.
ಆದ್ರ ಅವ ನನಗ ಅಂತಿದ್ದದ್ದು “ಏ ಮುನ್ಷಿ”,
ನಾ ಅವಗ “ಹೇಳೋ ಸಾಬ”.
ಉಳದದ್ದು ಒಂಬತ್ತು ಸಾಲು.
ಅದರಾಗ ಒಂದು, ಬಲಗಿವಿ ಮ್ಯಾಲ ಸದಾ ಸಿಗಸಿದ ಪೆನ್ನು.

ಮಂದಿ ಮುಂದ ಓದಲಿಲ್ಲ.
ಎಲ್ಲಾರೂ ಎದ್ದು ಹೋದ ಮ್ಯಾಲ
ಪಡಸಾಲ್ಯಾಗ ಜೈತುನಬಿಗಷ್ಟೇ ಓದಿ ಹೇಳಿದೆ.
ಆಕಿ ಪೆನ್ನಿನ ಸಾಲಿಗೆ ನಕ್ಕಳು,
ನಲವತ್ತು ದಿನದಾಗ ಮೊದಲಸಲ ಇರಬೇಕು.
“ಬಲಗಿವಿನೇ ಖರೆ ಭಾಯಿ.
ಸಣ್ಣಾವಿದ್ದಾಗೇ ಆ ಕಿವಿ ಹೋಗಿತ್ತು ಅವರದು.
ಖಾಲಿ ಇರ್ತದಲ್ಲ ಅಂತ ಪೆನ್ನಿಗೆ ಕೊಟ್ಟಿದ್ರು.”

ಇಪ್ಪತ್ತೆರಡು ವರ್ಷ.
ಮಗಳ ಲಗ್ನದ ಸಾಲ, ನನ್ನ ಹೊಟ್ಟಿನೋವು,
ಎಂದೋ ಒಮ್ಮೆ ಮಾಡಿದ ತಪ್ಪು, ಯಾರಿಗೂ ಹೇಳದ್ದು,
ಎಲ್ಲಾ ಆ ಕಿವಿಗೇ ಹೇಳೀನಿ.
ಪ್ರತಿ ಮಾತಿಗೂ ತಲಿ ಹಾಕಿದ್ದ.

ಹಾಳಿ ಮಡಚಿ ಕಿಸೇದಾಗ ಇಟಗೊಂಡು
ಸ್ಟೇಷನ್ ರಸ್ತಾ ಹಿಡದು ನಡಕೋತ ಮನಿಗೆ ಬಂದೆ.
ಮಾಪಮ್ಮ ನನ್ನ ಮಾರಿ ನೋಡಿದಳು.
ಏನೂ ಕೇಳಲಿಲ್ಲ.
ಗೂಡಿನ ಹತ್ರ ಹೋಗಿ
ಪಾವು ಎತ್ತಿ ಹಿಡದು ನಿಂತಳು.