ಹಲ್ಲು ಕಾಣದ ನಗಿ

ರೊಕ್ಕ ಕೊಟ್ಟು ಮಂಗ್ಯಾನ ಹೇಲು ಬಳಿಯಾಕ ಹೋದಾಕಿ:
ಗಂಗಾವತಿ ಪಶು ಆಸ್ಪತ್ರ್ಯಾಗ ಈಗ ಇದೇ ನನ್ನ ಹೆಸರು.
ಎರಡು ಪಾಟ್ಲಿ ಮಾರಿದ್ದೆ, ಖರೇನ ಐತಿ.
ವೀಸಾದ ಕಿಟಕಿಯಾಗ ಕುಂತಾತ ಕೇಳಿದ,
ನಿಮ್ಮ ಜಿಲ್ಲಾದಾಗ ಮಂಗ್ಯಾ ಇಲ್ಲೇನಮ್ಮ?
ಅದಾವ್ರಿ, ಅಂದೆ.
ಬಾಳೆಹಣ್ಣು ಕೊಡೋರು ಅದಾರ, ಕಲ್ಲು ಒಗೆಯೋರು ಅದಾರ,
ಕರೆಂಟ್ ಹೊಡೆದು ಬಿದ್ದದ್ದರ ಕೈ ಹೆಂಗ ಕಟ್ಟಬೇಕು,
ಅದನ್ನ ಹೇಳಿಕೊಡೋರು ಇಲ್ಲ.
ಆತ ತಲಿ ಎತ್ತದ ಠಸ್ಸೆ ಹೊಡೆದ.

ದಕ್ಷಿಣ ಆಫ್ರಿಕಾದ ಆ ಜಾಗ
ನಮ್ಮ ಕಡಿಯಂಗ ಬಂಡಿಗಲ್ಲು, ಜಾಲಿ, ರಣಬಿಸಿಲು.
ಆನೆಗುಂದಿ ಹಿಂದಿನ ಗುಡ್ಡದಾಗ ಇಳದೆನೇನೋ ಅನ್ನಿಸಿತ್ತು
ಒಂದು ಗಳಿಗಿ. ಹೊಳಿ ಇರಲಿಲ್ಲ, ಭತ್ತದ ಹಸಿರು ಇರಲಿಲ್ಲ.
ಹುಲಿಗೆಮ್ಮ ಅನ್ನಾಕ ಅವರ ನಾಲಿಗಿ ಹೊರಳಲಿಲ್ಲ,
ಹೂಲಿ ಅಂದ್ರು.
ಆತು, ಹೂಲಿನ ಆಗಲಿ.

ಮೊದಲನೇ ಮುಂಜಾನಿ ಮುದುಕಿ ಮಾರೈಕಾ
ನನ್ನ ಗದ್ದ ಹಿಡಿದು ಬಾಯಿ ಮುಚ್ಚಿಸಿದಳು.
ಹಲ್ಲು ಬಿಟ್ಟು ನಗಬ್ಯಾಡ,
ಅವಕ್ಕ ಹಲ್ಲು ಅಂದ್ರ ಜಗಳ.
ಪ್ರೀತಿ ಹೇಳಬೇಕಂದ್ರ ತುಟಿ ಪಚಪಚ ಅನ್ನು,
ಹುಣಸಿ ಚೀಪಿದಂಗ.

ನನ್ನ ಪಾಲಿಗೆ ಬಂದದ್ದು ಮುನ್ನೂರ ನಲವತ್ತು ಗ್ರಾಮಿನ ಕೂಸು.
ಮುಖ ಇನ್ನೂ ಗುಲಾಬಿ, ಕಿವಿ ಕಾಗದದಂಗ.
ಜ್ವಾಳದ ಹೊಲದಾಗ ಗುಂಡು ತಿಂದ ಅವ್ವನ
ಎದಿ ಕಚ್ಚಿಕೊಂಡು ಸಿಕ್ಕಿತ್ತಂತ.
ಹದಿನಾಲ್ಕು ವರ್ಷ ಎಮ್ಮಿ ಹೊಟ್ಟ್ಯಾಗಿನ ಕರಾ ಎಳೆದ ಕೈ ಇವು,
ಅದನ್ನ ಹಿಡಿಯಾಕ ನಡುಗಿದ್ವು.
ಹತ್ತೊಂಬತ್ತು ರಾತ್ರಿ ನನ್ನ ಜಡಿ ಹಿಡಿದು ಮಲಗಿತು.
ಸಿರಿಂಜಿನಾಗ ಹಾಲು, ನನ್ನ ಕುಪ್ಪಸದ ತುಂಬ ಉಚ್ಚಿ.

ಇಪ್ಪತ್ತನೇ ದಿನಕ್ಕ ಅದಕ್ಕೊಂದು ಅವ್ವ ಗೊತ್ತಾತು:
ಪ್ರಯೋಗಶಾಲ್ಯಾಗ ಹನ್ನೊಂದು ವರ್ಷ ಕಳೆದ ಒಕ್ಕಣ್ಣಿನ ಹೆಣ್ಣು.
ಜಾಳಿಗಿ ಒಳಗ ಕೂಸನ್ನ ಚಾಚಿದೆ.
ಮುಷ್ಟಿ ಬಿಡಲಿಲ್ಲ ಅದು.
ಬೆರಳು ಒಂದೊಂದ ಬಿಡಿಸಿದೆ, ಮತ್ತ ಹಿಡೀತು.
ಕತ್ತರಿ ಕೊಡು, ಅಂದೆ.
ಗೇಣುದ್ದ ಜಡಿ ಸಮೇತ ಕೂಸು ಅತ್ಲಾಗ ಹೋತು.
ಒಕ್ಕಣ್ಣಿನಾಕಿ ಅದನ್ನ ಅಪ್ಪಿಕೊಂಡು
ನನ್ನ ಕೂದಲಾಗ ಹೇನು ಹುಡುಕಿ
ಸಿಗದ
ಒಗೆದುಬಿಟ್ಟಳು.

ಇನ್ನ ಮ್ಯಾಲ ನಿನ್ನ ಕೆಲಸ ಮರೆಸೋದು, ಅಂದಳು ಮಾರೈಕಾ.
ಕೂಗಿದ್ರ ಓಗೊಡಬ್ಯಾಡ. ಆ ಪಂಜರದ ಮುಂದ ಹಾಯಬ್ಯಾಡ.
ಮೊದಲನೇ ದಿನ ಕೂಗಿತು. ಎರಡನೇ ದಿನಾನೂ.
ನಾನು ಆ ಕಡಿ ಬಕೀಟು ಜೋರಾಗಿ ಬಡಿದು ತೊಳೀತಿದ್ದೆ,
ಕೇಳಬಾರದಂತ.
ನಾಕನೇ ದಿನ ಕೂಗಲಿಲ್ಲ.
ಮಾರೈಕಾ ಚಾ ಮಾಡಿ ತಂದಳು, ಸಕ್ರಿ ಹೆಚ್ಚ ಹಾಕಿ.
ಬ್ಯಾರೆ ಸರ್ಟಿಫಿಕೇಟು ಕೊಡಲಿಲ್ಲ.

ಊರಿಗೆ ಬಂದೆ, ಮೋಟು ಜಡಿ, ಮುಚ್ಚಿದ ತುಟಿ.
ತಂಗಿ ಮಗನ ನಿಶ್ಚಯದ ಫೋಟೋದಾಗ
ಎಲ್ಲಾರೂ ಹಲ್ಲು ಕಿಸಿದಾರ, ನಾನೊಬ್ಬಾಕಿ ಇಲ್ಲ.
ಫಾರಿನ್ ಸೊಕ್ಕು, ಅಂದ್ರು.
ಇರಲಿ.

ಮೊನ್ನೆ ಅಕ್ಕಿ ಮಿಲ್ಲಿನ ಹಿಂದ ಟ್ರಾನ್ಸ್‌ಫಾರ್ಮರಿನ ಬುಡಕ
ಒಂದು ಹೆಣ್ಣು ಬಿದ್ದಿತ್ತು, ಬಲಗೈ ಸುಟ್ಟು ಕರಿಕಲಾಗಿ.
ಸುತ್ತ ಹಮಾಲರು, ಮೊಬೈಲು, ನಗು,
ಎಲ್ಲಿ ನೋಡಿದಲ್ಲಿ ಹಲ್ಲು.
ಬಾಯಿ ಮುಚ್ರೋ, ಅಂತ ಒದರಿದೆ,
ಆಮ್ಯಾಲ ಸಣ್ಣ ದನಿಲೆ, ಯಾಕ ಅಂತ ಹೇಳಿದೆ.
ಮೊದಲು ಟವೆಲ್ಲು ಬಾಯಿಗೆ ಅಡ್ಡ ಹಿಡಿದಾತ ಮರ್ದಾನಸಾಬ,
ತಂಬಾಕ ತಿಂದು ತಿಂದು ಆತಗ ಉಳಿದಿದ್ದವೇ ಆರು ಹಲ್ಲು.
ಟವೆಲ್ಲಿನ ಮರಿಗೆ ತುಟಿ ಪಚಪಚ ಅನ್ನಿಸಿದ.
ಒಬ್ಬ, ಇನ್ನೊಬ್ಬ, ಹಿಂಗ ಹನ್ನೆರಡು ಮಂದಿ
ಧೂಳು ಹಿಡಿದ ಮೀಸಿ ಕೆಳಗ
ಹುಣಸಿ ಚೀಪಿದಂಗ ನಿಂತ್ರು.
ಅದು ಯಾರನ್ನೂ ನೋಡಲಿಲ್ಲ,
ನನಗ ಕೈ ಕಟ್ಟಾಕ ಬಿಡ್ತು, ಅಷ್ಟ.

ತಿಂಗಳಾದ ಮ್ಯಾಲ ಬುಟ್ಟಿ ಬಾಗಿಲಾ ತೆಗೆದ್ವಿ.
ಮೂರು ಕಾಲಿಲೆ ಬೇಲಿ ಜಿಗಿದು ಹೋತು,
ಹೊಳ್ಳಿ ನೋಡಲಿಲ್ಲ.
ಹಿಂಗ ಹೋಗ್ಬೇಕು ಅಂದೆ. ಮರ್ದಾನಸಾಬ ಒಪ್ಪಲಿಲ್ಲ,
ಒಂದ್ಸಲ ನೋಡಬೇಕಾಗಿತ್ತಕ್ಕ ಅಂದ.

ಈಗಲೂ ಮೂಟಿ ಹೊತ್ತು ಲಾರಿ ಏರುವಾಗ
ಆತ ಒಮ್ಮೊಮ್ಮೆ ಪಚಪಚ ಅಂತಾನ.
ಯಾರಿಗಂತ ನಾನು ಕೇಳಿಲ್ಲ.