ಎಂಟನೆಯ ತಟ್ಟೆ

ಓಟ್ಸ್ ಹಿಟ್ಟು ಮೂರು ಬಟ್ಟಲು, ಮೊಟ್ಟೆ ಒಂದು,
ಬೇಯಿಸಿ ಅರೆದ ಕೋಳಿ ಲಿವರ್,
ತುರಿದ ಕ್ಯಾರೆಟ್ ಒಂದು ಹಿಡಿ.
ಉಪ್ಪಿಲ್ಲ. ಸಕ್ಕರೆಯಿಲ್ಲ.
ಒಣದ್ರಾಕ್ಷಿ ಡಬ್ಬಿಗೆ ಮೇಲಿನ ಕಪಾಟಿಗೆ ಗಡೀಪಾರು:
ಒಂದು ಕಾಳು ಉದುರಿದರೂ ಕ್ಲುಸ್ಕಾಳಿಗೆ ನಂಜು.

ಕ್ಲುಸ್ಕಾ ಎಂದರೆ ಹಿಟ್ಟಿನ ಕಡುಬು.
ಹೆಸರಿಗೆ ತಕ್ಕ ಮೈ.
ಓವನ್ನಿನ ಬೆಳಕಿಗೆ ಮುಖವಿಟ್ಟು ಕೂತಿದ್ದಾಳೆ,
ಧಾರಾವಾಹಿ ನೋಡುವ ಅಜ್ಜಿಯ ಹಾಗೆ.
ಹೊರಗೆ ಸುವಾವ್ಕಿಯ ಡಿಸೆಂಬರು,
ಮೂರೂವರೆಗೆಲ್ಲ ಕತ್ತಲು.

ಇರುವ ಅಚ್ಚು ಒಂದೇ, ತುದಿ ಸೊಟ್ಟಗಾದ ಅರ್ಧಚಂದ್ರ.
ನಲವತ್ತು ಚಂದ್ರ ಒತ್ತಿದ ಮೇಲೆ ನೆನಪಾಯಿತು
ಈ ವರ್ಷ ಇಪ್ಪತ್ತು ಸಾಕಿತ್ತು.
ಕೈಗೆ ಲೆಕ್ಕ ಬಾರದು, ರೂಢಿ ಬರುತ್ತದೆ.
ಗೆನೆಕ್ ಮಾವನ ಮಿಶೆಕ್ ಅಕ್ಟೋಬರಿನಲ್ಲಿ...
ಇರಲಿ.

ಮೇಜಿಗೆ ಬಿಳಿ ಹಾಸು, ಹಾಸಿನಡಿ ಒಣಹುಲ್ಲು,
ಏಳು ಜನಕ್ಕೆ ಎಂಟು ತಟ್ಟೆ.
ಎಂಟನೆಯದು ಹಿಮದಲ್ಲಿ ದಾರಿ ತಪ್ಪಿ
ಬಾಗಿಲು ಬಡಿಯಬಹುದಾದ ಯಾರಿಗೋ.
ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲ, ಆರಲೆಂದು
ಬಿಸಿ ಚಂದ್ರಗಳನ್ನು ಅದೇ ತಟ್ಟೆಗೆ ಸುರಿದೆ.
ಬಾರದವರು ಹೇಗೂ ಬರುವುದಿಲ್ಲ.

ಬಂದದ್ದು ಗೆನೆಕ್ ಮಾವ.
ಮೀಸೆಯ ಮೇಲೆ ಹಿಮ, ಬಗಲಲ್ಲಿ ಟೋಪಿ,
ಕೈಯಲ್ಲಿ (ನೋಡಿಯೂ ನೋಡದವಳಂತೆ ನೋಡಿದೆ)
ಹಗ್ಗವಿಲ್ಲ.
ಚರ್ಚಿನ ಗಂಟೆ ಬಾರಿಸುವವನು,
ಉಪವಾಸದ ವಿಷಯದಲ್ಲಿ ಗರಗಸ.
ಈ ರಾತ್ರಿ ಮೀನು ಸರಿ, ಮಾಂಸ ಕೂಡದು;
ಹೋದ ಸಲ ಸೂಪಿನಲ್ಲಿ ಹಂದಿಕೊಬ್ಬಿನ ವಾಸನೆ ಬಂತೆಂದು
ಬೊಗ್ನಾ ಅತ್ತೆಯನ್ನು ತೊಳೆದು ಒಣಗಹಾಕಿದ್ದ.

ಮೊದಲ ನಕ್ಷತ್ರ ಕಂಡಿತೆಂದು ಮಕ್ಕಳು ಕೂಗಿದ್ದೇ ತಡ
ಅವನ ಕೈ ನೇರ ಎಂಟನೆಯ ತಟ್ಟೆಗೆ.
ಕಟಂ.
ತೆರೆದ ನನ್ನ ಬಾಯಿ ತೆರೆದೇ ಉಳಿಯಿತು.
ಕಟಂ ಕುಟಂ. ಇನ್ನೊಂದು. ಮತ್ತೂ ಒಂದು.
"ಹದ ಬಂದಿದೆ," ಅಂದ, "ಸಿಹಿಯಿಲ್ಲ, ನನ್ನ ಶುಗರಿಗೆ ಒಳ್ಳೆಯದೇ."
ಬೊಗ್ನಾ ಅತ್ತೆ ಕರವಸ್ತ್ರದಲ್ಲಿ ಮುಖ ಮುಚ್ಚಿದಳು,
ಕೆಮ್ಮೋ ನಗುವೋ.
ಮೇಜಿನಡಿಯಿಂದ ಕ್ಲುಸ್ಕಾ ನನ್ನನ್ನೇ ನೋಡಿದಳು,
ತಿರುಗಿಬಿದ್ದ ಸಾಕ್ಷಿಯನ್ನು ವಕೀಲರು ನೋಡುವಂತೆ.

ಈಗ ಫಜೀತಿ ಏನೆಂದರೆ
ಈ ರಾತ್ರಿ ಹನ್ನೆರಡಕ್ಕೆ ಪ್ರಾಣಿಗಳಿಗೆ ಮಾತು ಬರುತ್ತದೆ.
ಅಜ್ಜಿ ಹೇಳಿದ್ದು; ಪರೀಕ್ಷಿಸುವ ಧೈರ್ಯ ಯಾರೂ ಮಾಡಿಲ್ಲ.
ಹಾಲಿಗೆ ನೀರು ಬೆರೆಸಿದವರ ಹೆಸರು ಹಸು ಹೇಳುತ್ತದಂತೆ,
ಬೆಕ್ಕಿಗೆ ಗೊತ್ತಿರುವುದನ್ನು ಇಲ್ಲಿ ಬರೆಯಲಾಗದು.
ಕ್ಲುಸ್ಕಾ ಬಾಯಿ ಬಿಟ್ಟರೆ?
"ಅದು ಲಿವರ್, ಮಾವ. ಅದೂ ಇಂಥ ರಾತ್ರಿ.
ಏಳು ತಿಂದೆ. ಏಳೂ ನನ್ನವು."

ಹನ್ನೊಂದೂವರೆಗೆ ಎಲ್ಲರೂ ನಡುರಾತ್ರಿಯ ಪೂಜೆಗೆ ಹೊರಟರು.
ಎಲ್ಲರಿಗಿಂತ ಮೊದಲು ಹೋಗಬೇಕಾದವನು ಕೊನೆಗೆ ಉಳಿದ,
ಬೂಟಿನ ದಾರ ಕಟ್ಟುವ ನೆಪ.
ನಾನು ಒರೆಸಿದ ತಟ್ಟೆಯನ್ನೇ ಒರೆಸುತ್ತ
ಬಾಗಿಲ ಸಂದಿಯಲ್ಲಿ ನಿಂತೆ.
ಕ್ಲುಸ್ಕಾಳ ಜೋಲುಕಿವಿ ಎತ್ತಿ ಹಿಡಿದು
ಮೆಲ್ಲಗೆ ಹೇಳಿದ:
"ಅವನ ಪಾಲು ಕಣೇ.
ಬಿಸಿಯಿದೆಯೋ ಏನೋ ಅಂತ
ಪ್ರತಿ ವರ್ಷ ಮೊದಲು ನಾನೇ ಕಚ್ಚಿ ಕೊಡುತ್ತಿದ್ದೆನಲ್ಲ,
ನೀನೇ ನೋಡಿದ್ದೀಯ."
ಕೋಟಿನ ಜೇಬಿನಿಂದ ಎರಡು ಚಂದ್ರ ಹೊರಬಂದವು.
ಒಂದನ್ನು ಅವಳಿಗೆ ಕೊಟ್ಟ.
ಇನ್ನೊಂದನ್ನು ಸುಮ್ಮನೆ ಕೈಯಲ್ಲಿ ಹಿಡಿದಿದ್ದು
ಮರಳಿ ಜೇಬಿಗೇ ಇಳಿಸಿದ.

ಗಂಟೆ ಸ್ವಲ್ಪ ತಡವಾಗಿ ಹೊಡೆಯಿತು.
ನಾನು ಸ್ಟೂಲಿನ ಮೇಲೆ, ಅವಳು ನನ್ನೆದುರಿಗೆ.
ಹನ್ನೆರಡನೆಯ ಏಟಿಗೆ ಕ್ಲುಸ್ಕಾ
ನನ್ನ ಕಣ್ಣನ್ನೇ ನೋಡುತ್ತ ಬಾಯಿ ತೆರೆದಳು,
ಉದ್ದನೆಯ ಆಕಳಿಕೆ.
ನಾಲಿಗೆಯ ಮೇಲೊಂದು ಓಟ್ಸ್ ಚೂರು.
"ಒಳ್ಳೆಯ ನಾಯಿ," ಅಂದೆ.