ಉಪ್ಪು ಹೋಗೂದಿಲ್ಲ

ಕಮರಿಪೇಟೆಯ ನಮ್ಮ ಸಾವಜಿ ಖಾನಾವಳಿಯೊಳಗ
ಗಲ್ಲಾಪೆಟ್ಟಿಗಿ ಹಿಂದ, ಅಂಬಾಭವಾನಿ ಫೋಟೋದ ಕೆಳಗ
ಮೂರು ಕೊಡ ಸಮುದ್ರ ಐತಿ.

ನಲ್ಲಿಗೆ ನೀರು ಎಂಟು ದಿನಕ್ಕೊಮ್ಮೆ.
ಬಂದ ರಾತ್ರಿ ಓಣಿ ತುಂಬ ಬ್ಯಾರಲ್ಲಿನ ಸದ್ದು.
ಅಂಥಾದ್ರಾಗ ಕುಡಿಯೂ ನೀರಿಗೆ ಉಪ್ಪು ಬೆರಸಿ
ಗಾಜಿನ್ಯಾಗ ಇಡಾಂವ ಗಣಪತಸಾನ ಮಗ ಒಬ್ಬನ ಅಂತ
ಎದುರಿನ ಟೇಲರ್ ಶಾಬುದ್ದೀನ ಬಾಯಾಗ ಸೂಜಿ ಹಿಡಕೊಂಡ ನಗತಾನ.

ಮೀನೂ ಇಲ್ಲ ಅದರಾಗ.
ಒಂದು ಕಲ್ಲು. ಕಲ್ಲಿನ ಮ್ಯಾಲೆ
ಹಳೇ ಚರ್ಮದ ಬಣ್ಣದ ಅಣಬಿ, ಮೈತುಂಬ ಸಣ್ಣ ಬೆರಳು.
ಆಚೆ ಮಗ್ಗಲಕ್ಕ ಮುಷ್ಟಿ ಬಿಚ್ಚಿ ಮುಚ್ಚಿ
ಬಿಚ್ಚಿ ಮುಚ್ಚಿ ಯಾರನ್ನೋ ಕರಿಯೂ ಗೊಂಚಲು.
ಅಂಗಿ ಗುಂಡಿಯಷ್ಟು ಹಸಿರು ಬಾಯಿ ಎಂಟು.
ಮೆತ್ತನ ಹವಳ. ಎಲುಬಿಲ್ಲ.

"ಸಾವಜೀ, ಇದನ್ನ ಕರೀತೀರೋ, ಖಿಮಾ ಮಾಡತೀರೋ?"
"ಇದು ಊಟಕ್ಕ ಬಂದ ಗಿರಾಕಿ" ಅಂತೀನಿ.

ಅಪ್ಪ ಉಪ್ಪು ಅಳತಿ ಮಾಡಿದಾಂವಲ್ಲ.
ಹಂಡೆದ ಮುಂದ ನಿಂತು ಒಂದು ಮುಷ್ಟಿ ಒಗದರ
ನೂರು ಮಂದಿ ನಾಲಿಗಿಗೆ ಸರಿ.
ಆ ಕೈ ನನಗೂ ಬಂದೈತಿ.
ಈ ಮೂರು ಕೊಡಕ್ಕ ಆ ಕೈ ನಡಿಯೂದಿಲ್ಲ.
ಒಂದು ಹನಿ ಗಾಜಿನ ಮ್ಯಾಲೆ, ದುರ್ಬೀನದಂಥ ಕೊಳವಿ ಕಣ್ಣಿಗೆ,
ನೀಲಿ ಬಿಳಿ ಕೂಡೂ ಗೆರಿ ಮೂವತ್ತೈದಕ್ಕ ನಿಲ್ಲಬೇಕು.
ಏಪ್ರಿಲ್ ಬಿಸಲಿಗೆ, ಫ್ಯಾನಿನ ಗಾಳಿಗೆ
ಎರಡ ದಿನದಾಗ ಮೂವತ್ತೆಂಟು.

ನೀರು ಹೋಗತೈತಿ. ಉಪ್ಪು ಹೋಗೂದಿಲ್ಲ.
ಆರಿದಷ್ಟ ಸಿಹಿನೀರು ಹಾಕಬೇಕು, ಉಪ್ಪಿಂದಲ್ಲ.
ಇಷ್ಟು ತಿಳಿಯಾಕ ನನಗ ಎರಡು ಹವಳ ಖರ್ಚಾದವು.

ಬೆಟಗೇರಿಗೆ ಮದವಿಗೆ ಹೋದಾಂವ ಎರಡು ದಿನ ತಡ ಮಾಡಿ ಬಂದೆ.
ಗಾಜು ಕಂಠಮಟ ತುಂಬಿತ್ತು.
"ನೀರಡಿಸ್ಯಾವ ಅನಿಸಿತೋ" ಅಂದಳು ಅವ್ವ,
"ದೇವರ ತಂಬಿಗಿಲೆ ಹಾಕೇನಿ. ಚೊಕ್ಕ ನೀರು."

ತಾಮ್ರದ ತಂಬಿಗಿ.
ನಮಗ ಚೊಕ್ಕ. ಅವಕ್ಕ ವಿಷ.
ಅವ್ವನ ಮಾರಿ ನೋಡಿದೆ, ಬಾಯಿ ತೆರೀಲಿಲ್ಲ.

ಮರುದಿನ ಅಣಬಿ ಬೆರಳು ಮಡಚಿತು.
ಮೈಮ್ಯಾಲೆ ಮೇಣದಂಥ ಪೊರಿ.
ಮುಷ್ಟಿ ಮುಚ್ಚಿದ್ದು ಮುಚ್ಚಿದಂಗ.
ಬ್ಯಾರಲ್ಲಿನ್ಯಾಗ ನಾಕ ಬೆರಳು ನೀರು,
ಸರತಿ ಬರಾಕ ಇನ್ನ ಐದು ದಿನ.
ಕುಡಿಯೂ ಕ್ಯಾನು ಎರಡು ಕೊಂಡು ತಂದೆ,
ಉಪ್ಪು ಕಲಿಸಿ ರಾತ್ರಿಯಿಡೀ ತಿರಗಾಕ ಬಿಟ್ಟೆ,
ಪ್ಲಾಸ್ಟಿಕ್ ಮಗ್ಗಿಲೆ ಹಳೇದು ತಗದು ಹೊಸಾದು ಹಾಕಿದೆ,
ಇದ್ದಲಿ ಚೀಲ ಇಳಿಬಿಟ್ಟೆ.

ಅದ ವಾರ ಮೂರು ಮಂದಿ ಕೈ ತೊಳಿಯೂ ಮುಂದ ಅಂದರು,
"ರಸ್ಸಾಕ್ಕ ಉಪ್ಪು ಕಡಿಮಿ ಆಗೇತ್ರಿ."
ಕೈಗೆ ಏನೋ ಆಗಿತ್ತು.
ಒಗಿಯೂದಕ್ಕಿಂತ ಮೊದಲ ಎಣಸತಿತ್ತು.

ಒಂಬತ್ತನೇ ಮುಂಜಾನಿ, ಉಳ್ಳಾಗಡ್ಡಿ ಹೆಚ್ಚೂ ಹೊತ್ತಿಗೆ
ಪೊರಿ ಒಂದು ಅಂಚಿಗೆ ಎದ್ದು
ಪಂಪಿನ ಸೆಳವಿಗೆ ಹರದು ಹೋತು.
ಕೆಳಗ ಹೊಸ ಬೆರಳು, ಅಕ್ಕಿ ನುಚ್ಚಿನಷ್ಟು.
ಆಮ್ಯಾಲೆ ಕೇಳಿ ತಿಳಕೊಂಡೆ:
ಈ ಜಾತಿ ಆಗಾಗ ತಾನಾಗೇ ಮುಚ್ಚಿ
ವಾರಗಟ್ಟಲೆ ಮುನಿಸಿಕೊಂಡು ಮೈ ತೊಳಕೊಂಡು ಏಳತೈತಂತ.
ತಾಮ್ರನೋ, ಬರೇ ಜಳಕದ ಹೊತ್ತೋ,
ಇವತ್ತಿಗೂ ನನಗ ಗೊತ್ತಿಲ್ಲ.
ಗೊಂಚಲು ಮಾತ್ರ ಬಿಚ್ಚಲಿಲ್ಲ. ಕರಗಿ
ನೀರಾಗ ನೀರಾತು. ವಾಸನಿ ಎರಡು ದಿನ ಉಳೀತು.

ಸಂಜಿಕ ಅವ್ವ ಕುರ್ಚಿ ಎಳಕೊಂಡು ಗಾಜಿನ ಮುಂದ ಕೂಡತಾಳ,
ಉಡಿಯಾಗ ಬಳ್ಳೊಳ್ಳಿ.
"ಆ ಕೈ ಮಾಡಿ ಕರಿಯೂದು ಎಲ್ಲಿ ಹೋತು?"
"ಒಬ್ಬರಿಗೆ ಕೊಟ್ಟೆ."
"ಯಾರಿಗೆ?"
ನೀರು ಬಂತು, ಅಂದೆ.
ಖರೇನ ಬಂದಿತ್ತು. ಓಣಿ ತುಂಬ
ಬ್ಯಾರಲ್ಲಿನ ಸದ್ದು.